ಸ್ಕ್ಯಾನ್ ಆಯಿತು, ಇನ್ನು ಫೈಲು ಎಲ್ಲಿಡೋದು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹಳೆಯ ಕಾಗದಪತ್ರ, ತಾಳೆಗರಿ, ಶಾಸನದ ಚಿತ್ರ ಜೋಪಾನ ಮಾಡಿಟ್ಟುಕೊಂಡಿರುವವರಿಗಾಗಿ ಈ ಸಂಚಿಕೆ. ಸ್ಕ್ಯಾನ್ ಮಾಡಿಸೋಕೆ ಈಗ ಎಲ್ಲರಿಗೂ ಹುಮ್ಮಸ್ಸಿದೆ. ಆ ಫೈಲುಗಳನ್ನ ಎಲ್ಲಿಡೋದು ಅಂತ ಕೇಳಿದರೆ ಮಾತ್ರ "ಒಂದು ಹಾರ್ಡ್ ಡಿಸ್ಕ್ ತಂದರಾಯಿತು" ಅಂತ ಮಾತು ಮುಗಿದುಹೋಗುತ್ತೆ.

ಒಂದೇ ಕಡೆ ಇಟ್ಟರೆ ಏನಾಗುತ್ತೆ ಅನ್ನೋದನ್ನ ಶ್ರೀರಂಗಪಟ್ಟಣ ಕಣ್ಣಾರೆ ಕಂಡಿದೆ. 1799ರಲ್ಲಿ ಕೋಟೆ ಬಿದ್ದಾಗ ಟಿಪ್ಪು ಸುಲ್ತಾನನ ಗ್ರಂಥಭಂಡಾರ ಈಸ್ಟ್ ಇಂಡಿಯಾ ಕಂಪನಿಯವರ ವಶವಾಯಿತು. ಹಸ್ತಪ್ರತಿಗಳು ಕಲ್ಕತ್ತ, ಲಂಡನ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಅಂತ ಚದುರಿಹೋದವು. ಅದರಲ್ಲಿ ಏನೇನಿತ್ತು ಅಂತ ತಿಳಿಯೋಕೆ ಇವತ್ತಿಗೂ 1809ರಲ್ಲಿ ಚಾರ್ಲ್ಸ್ ಸ್ಟೀವರ್ಟ್ ಅಚ್ಚು ಹಾಕಿಸಿದ ಪಟ್ಟಿಯನ್ನೇ ತೆರೆಯಬೇಕು.

ಅದೇ ಸೀಮೆಯ ಶಾಸನಗಳ ಕಥೆ ಬೇರೆ. ಶಾಸನತಜ್ಞ ಬಿ.ಎಲ್. ರೈಸ್ ಅವರು ಶ್ರೀರಂಗಪಟ್ಟಣದ ಶಾಸನಗಳನ್ನ 1894ರಲ್ಲಿ, ಕೆ.ಆರ್. ಪೇಟೆ, ನಾಗಮಂಗಲದವನ್ನ 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಪ್ರಕಟಿಸಿದರು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ ಮಾಲೆಯಲ್ಲಿ ಆರನೆಯ ಸಂಪುಟ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ್ದು, ನಾಗಮಂಗಲ ಏಳನೆಯದರಲ್ಲಿದೆ. ಊರ ಮುಂದಿನ ಕಲ್ಲು ನಾಳೆ ಒಡೆದುಹೋದರೂ ಪಾಠ ಉಳಿಯುತ್ತೆ. ಯಾಕಂದರೆ ಅದರ ಪ್ರತಿ ಹತ್ತಾರು ಊರಿನ ಗ್ರಂಥಾಲಯಗಳಲ್ಲಿದೆ, ಅಂತರ್ಜಾಲದಲ್ಲೂ ಇದೆ.

ಡಿಜಿಟಲ್ ಭಂಡಾರಕ್ಕೂ ಇದೇ ಸೂತ್ರ. ಮೂರು ಪ್ರತಿ ಇರಲಿ, ಎರಡು ಬಗೆಯ ಮಾಧ್ಯಮದಲ್ಲಿರಲಿ, ಒಂದು ಪ್ರತಿ ಬೇರೆ ಊರಲ್ಲಿರಲಿ.

ಮೊದಲು ಎಷ್ಟು ಜಾಗ ಬೇಕು ಅಂತ ಲೆಕ್ಕ ಹಾಕಿ. ಎ-4 ಅಳತೆಯ ಒಂದು ಪುಟವನ್ನ 400 ಡಿಪಿಐನಲ್ಲಿ, ಬಣ್ಣದಲ್ಲಿ, ಕುಗ್ಗಿಸದೆ ಟಿಫ್ ಆಗಿ ಇಟ್ಟರೆ ಸುಮಾರು 46 ಎಂಬಿ. ಒಂದು ಲಕ್ಷ ಪುಟಕ್ಕೆ 4.6 ಟಿಬಿ. ಮೂರು ಪ್ರತಿ ಅಂದರೆ ಹದಿನಾಲ್ಕು ಟಿಬಿ ಹತ್ತಿರ. ಇದು ದೊಡ್ಡ ಸರ್ವರ್ ಕೇಳುವ ಲೆಕ್ಕ ಅಲ್ಲ. ಸಣ್ಣ ಸಂಸ್ಥೆಗೂ ನಿಭಾಯಿಸೋಕೆ ಆಗುತ್ತೆ.

ಅಂಗಡಿಯವರು ರೇಡ್ ಇರುವ, ಅಂದರೆ ಒಂದೇ ಫೈಲನ್ನ ಎರಡು ಡಿಸ್ಕಿನಲ್ಲಿ ಒಟ್ಟಿಗೆ ಬರೆಯುವ ಪೆಟ್ಟಿಗೆ ತೋರಿಸಿ "ಒಂದು ಡಿಸ್ಕ್ ಹೋದರೂ ಇನ್ನೊಂದಿರುತ್ತೆ ಸಾರ್" ಅನ್ನುತ್ತಾರೆ. ನಿಜವೇ. ಆದರೆ ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಸುಟ್ಟುಹೋಗಬಹುದು. ಯಾರೋ ತಪ್ಪಿ ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಳಿಯುತ್ತೆ. ರೇಡ್ ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳುತ್ತೆ ಅಷ್ಟೇ, ಅದನ್ನ ಬ್ಯಾಕಪ್ ಅಂತ ನಂಬಬೇಡಿ.

ಫೈಲು ಕಾಪಿಡುವ ಮ್ಯಾಗ್ನೆಟಿಕ್ ಟೇಪಿಗೆ ಮೂವತ್ತು ವರ್ಷದ ಆಯುಸ್ಸು ಅಂತ ತಯಾರಕರು ಹೇಳುತ್ತಾರೆ. ಆದರೆ ಅದನ್ನ ಓದಿ ಬರೆಯುವ ಡ್ರೈವಿನ ಬೆಲೆ ಲಕ್ಷಗಳಲ್ಲಿ. ಈ ಟೇಪುಗಳಲ್ಲಿ ಎಲ್‌ಟಿಒ ಅನ್ನೋದು ಒಂದು ಮಾದರಿ. ಎಲ್‌ಟಿಒ-8 ಡ್ರೈವ್ ತನ್ನ ಪೀಳಿಗೆಯದನ್ನ ಬಿಟ್ಟರೆ ಹಿಂದಿನ ಒಂದೇ ಒಂದು ಪೀಳಿಗೆಯ ಟೇಪನ್ನ ಓದುತ್ತೆ. ಟೇಪ್ ಚೆನ್ನಾಗಿದ್ದು ಓದುವ ಯಂತ್ರವೇ ಸಿಗದಿದ್ದರೆ ಏನು ಮಾಡೋದು? ಇನ್ನು ಎಸ್‌ಎಸ್‌ಡಿ ದಿನಬಳಕೆಗೆ ಒಳ್ಳೆಯದು, ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಡೋಕಲ್ಲ. ಕ್ಲೌಡ್ ದೂರದ ಪ್ರತಿಗೆ ಅನುಕೂಲ, ಆದರೆ ಬಾಡಿಗೆ ಯಾವತ್ತೂ ಕಟ್ಟುತ್ತಿರಬೇಕು. ಎಲ್ಲವನ್ನೂ ವಾಪಸ್ ಇಳಿಸಿಕೊಳ್ಳೋಕೆ ಎಷ್ಟಾಗುತ್ತೆ ಅಂತ ಒಪ್ಪಂದಕ್ಕೆ ಮುಂಚೆಯೇ ಕೇಳಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಫೈಲು ಕೆಟ್ಟಿದೆಯೇ ಅಂತ ತಿಳಿಸುವ ಚೆಕ್‌ಸಮ್. ಒಂದು ಫೈಲಿಗೆ ಎಸ್‌ಎಚ್‌ಎ-256 ಎಂಬ ಲೆಕ್ಕ ಓಡಿಸಿದರೆ 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಕೆಟ್ಟರೂ ಆ ಸಾಲು ಪೂರ್ತಿ ಬದಲಾಗುತ್ತೆ. ಸ್ಕ್ಯಾನ್ ಆದ ದಿನವೇ ಸಾಲುಗಳನ್ನ ಬರೆದಿಟ್ಟು, ಆರು ತಿಂಗಳಿಗೊಮ್ಮೆ ಮೂರೂ ಪ್ರತಿಗಳ ಮೇಲೆ ಓಡಿಸಿ ತಾಳೆ ನೋಡಿ. ಕೆಟ್ಟದ್ದು ಸಿಕ್ಕಿದರೆ ಒಳ್ಳೆಯ ಪ್ರತಿಯಿಂದ ಸರಿಮಾಡಿ. ತಂತ್ರಾಂಶ ಉಚಿತ, ಬೇಕಾಗಿರೋದು ಕೂತು ಮಾಡುವ ಒಬ್ಬ ಮನುಷ್ಯ.

ಡಿಸ್ಕು, ಟೇಪುಗಳ ಆಚೆಗೂ ಒಂದು ದಾರಿ ಇದೆ, ಅದನ್ನ ಹೇಳಲೇಬೇಕು. ಉಡುಪಿಯ ಮಧ್ವಾಚಾರ್ಯರ ಸರ್ವಮೂಲ ಗ್ರಂಥದ ತಾಳೆಗರಿಗಳನ್ನ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ.ಆರ್. ಮುಕುಂದ್ ಅವರ ತಂಡ ಚಿತ್ರೀಕರಿಸಿ, 2006ರಲ್ಲಿ ಸಿಲಿಕಾನ್ ಬಿಲ್ಲೆಗಳ ಮೇಲೆ ಮೂಡಿಸುವ ಕೆಲಸಕ್ಕೆ ಕೈಹಾಕಿತು. ಒಂದು ಬಿಲ್ಲೆಯಲ್ಲಿ ಮೂರು ಗರಿಯ ಚಿತ್ರ. ಓದೋಕೆ ಕಂಪ್ಯೂಟರ್ ಬೇಡ, ಭೂತಗನ್ನಡಿ ಸಾಕು. ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿರುವಂಥ ತಾಳೆಗರಿ ಸಂಗ್ರಹಗಳ ಬಗ್ಗೆ ಯೋಚಿಸುವಾಗ ಇದು ನೆನಪಿರಲಿ. ಬಿಲ್ಲೆ ಎಲ್ಲರ ಕೈಗೆ ಎಟುಕೋದಿಲ್ಲ. ಆದರೆ ಸಂಗ್ರಹದ ಸೂಚಿಯನ್ನ ಒಳ್ಳೆಯ ಕಾಗದದಲ್ಲಿ ಮುದ್ರಿಸಿಡೋದು ಯಾರಿಗಾದರೂ ಸಾಧ್ಯ.

ನನ್ನ ಸಲಹೆ ಕೇಳಿದರೆ: ಬೇರೆಬೇರೆ ಕಂಪನಿಯ ಎರಡು ಹಾರ್ಡ್ ಡಿಸ್ಕ್ ತನ್ನಿ. ಒಂದು ನಿಮ್ಮಲ್ಲಿರಲಿ, ಇನ್ನೊಂದನ್ನ ಮಂಡ್ಯದಲ್ಲೋ ಮೈಸೂರಲ್ಲೋ ನಂಬಿಕೆಯ ಸಂಸ್ಥೆಯಲ್ಲಿ, ಕಂಪ್ಯೂಟರಿಗೆ ಸಿಕ್ಕಿಸದೆ ಇಡಿ. ಮೂರನೆಯದು ಕ್ಲೌಡಿನಲ್ಲಿರಲಿ. ಐದು ವರ್ಷಕ್ಕೊಮ್ಮೆ ಡಿಸ್ಕ್ ಬದಲಿಸುವ ಹಣವನ್ನ ಈಗಲೇ ಎತ್ತಿಡಿ. ಈ ಕೆಲಸ ಯಾರ ಜವಾಬ್ದಾರಿ, ಅವರು ವರ್ಗವಾದರೆ ಮುಂದೆ ಯಾರು ಅಂತ ನಿಮ್ಮ ಸಮಿತಿಯ ನಡವಳಿ ಪುಸ್ತಕದಲ್ಲಿ ಹೆಸರು ಸಮೇತ ಬರೆಸಿ. ಸ್ಕ್ಯಾನರ್ ಕೊಳ್ಳೋದು ಅದಾದ ಮೇಲೆ.