ಮನೆಯ ಜೇಡ, ಮನೆಯ ಬೆಕ್ಕು



ಇವತ್ತು ಜೇಡದ ಮಾತು. ನೀವೇ ಕೇಳಿದ ಪ್ರಶ್ನೆ ಇದು. ಮನೆಯಲ್ಲಿ ಕೂಸಿದೆ, ಬೆಕ್ಕಿದೆ, ನಾಯಿ ಇದೆ, ಹಿತ್ತಲಲ್ಲಿ ಕೋಳಿ ಇದೆ. ಜೇಡ ಕಚ್ಚಿದರೆ ಏನು ಗತಿ? ಹೊಲಕ್ಕೆ ತಂದ ಔಷಧಿ ಇದೆಯಲ್ಲ, ಮನೆಗೂ ಹೊಡೆದುಬಿಡೋಣವೇ?

ಬೇಡ. ಯಾಕೆ ಬೇಡ ಅಂತ ಹೇಳ್ತೀನಿ ಕೇಳಿ.

ಮೊದಲು ಯಾವ ಜೇಡ ಅಂತ ನೋಡಿ. ಗೋಡೆಯ ಕ್ಯಾಲೆಂಡರ್ ಎತ್ತಿದರೆ ಚಪ್ಪಟೆಯಾದ ದೊಡ್ಡ ಜೇಡ ಸರ್ರನೆ ಓಡುತ್ತದಲ್ಲ, ಅದು ಬಲೆ ಕಟ್ಟೋದಿಲ್ಲ. ಕೆಲವು ಸಲ ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆ ಹಿಡಿದುಕೊಂಡಿರುತ್ತೆ. ಅದು ಅದರ ಮೊಟ್ಟೆಯ ಚೀಲ. ನೋಡಿದರೆ ಎದೆ ಝಲ್ ಅನ್ನುತ್ತೆ, ನಿಜ. ಆದರೆ ಅದು ರಾತ್ರಿಯೆಲ್ಲ ಜಿರಲೆ ಹಿಡಿದು ತಿನ್ನುತ್ತೆ. ಕೈಯಲ್ಲಿ ಒತ್ತಿದರೆ ಕಚ್ಚೀತು, ನೋವೂ ಆದೀತು. ಪ್ರಾಣಕ್ಕೆ ಅಪಾಯವಿಲ್ಲ.

ಇನ್ನೊಂದು ಮಾತು. ಮೈಮೇಲೆ ಉರಿಗುಳ್ಳೆ ಎದ್ದರೆ "ಜೇಡ ಉಚ್ಚೆ ಹೊಯ್ದಿದೆ" ಅಂತೀವಿ. ಪಾಪ, ಜೇಡ ಹಾಗೆ ಮಾಡೋದಿಲ್ಲ. ಮಳೆಗಾಲದಲ್ಲಿ ದೀಪಕ್ಕೆ ಒಂದು ಸಣ್ಣ ಹುಳ ಬರುತ್ತೆ. ಇರುವೆಯ ಹಾಗಿರುತ್ತೆ, ಮೈ ಕೆಂಪು-ಕಪ್ಪು. ಮೈಮೇಲೆ ಕೂತಾಗ ಉಜ್ಜಿ ಸಾಯಿಸಿದರೆ ಅದರ ರಸ ತಾಗಿ ಚರ್ಮ ಸುಡುತ್ತೆ. ಅದನ್ನು ಉಜ್ಜಬೇಡಿ. ಊದಿ ಬೀಳಿಸಿ, ಸೋಪು ಹಾಕಿ ತೊಳೆಯಿರಿ. ಕೆಲವು ಸಲ ಆ ಗುಳ್ಳೆ ಸರ್ಪಸುತ್ತು ಆಗಿರುತ್ತೆ. ಅದಕ್ಕೆ ಡಾಕ್ಟರ ಹತ್ತಿರ ಮಾತ್ರೆ ಇದೆ. ಬೇಗ ಹೋಗಬೇಕು ಅಷ್ಟೆ.

ಹಾಗಾದರೆ ಅಪಾಯದ ಜೇಡ ಇಲ್ಲವೇ? ಇದೆ. ಮಲೆನಾಡಿನ ಕಡೆ ಮರದ ಪೊಟರೆಯಲ್ಲಿ ಮೈತುಂಬ ಕೂದಲಿನ ದೊಡ್ಡ ಜೇಡ ಇರುತ್ತೆ. ಅದು ಕಚ್ಚಿದರೆ ಬಹಳ ನೋವು, ಬಾವು. ಮೈಯೆಲ್ಲ ಸೆಟೆದು ಹಿಡಿಯಬಹುದು. ಆಸ್ಪತ್ರೆಗೆ ಹೋಗಲೇಬೇಕು. ಆಸ್ಟ್ರೇಲಿಯಾ ದೇಶದ ಸಿಡ್ನಿ ಊರಿನ ಕಡೆ ಜನರನ್ನು ಕೊಲ್ಲುವ ಜೇಡವೇ ಇದೆ. ಅದರ ವಿಷಕ್ಕೆ 1981ರಲ್ಲಿ ಔಷಧಿ ಬಂತು. ವಿಚಿತ್ರ ನೋಡಿ, ಆ ವಿಷ ಮನುಷ್ಯರಿಗೆ ಬಲು ಕೆಟ್ಟದ್ದು, ನಾಯಿ ಬೆಕ್ಕಿಗೆ ಅಷ್ಟಾಗಿ ತಟ್ಟೋದಿಲ್ಲ. ಆ ಜೇಡ ನಮ್ಮಲ್ಲಿ ಇಲ್ಲ.

ನಮ್ಮಲ್ಲಿ ಹೆದರಬೇಕಾದ್ದು ಜೇಡದ ನೆಂಟನಿಗೆ. ಅದಕ್ಕೂ ಎಂಟು ಕಾಲು. ಯಾರು ಹೇಳಿ? ಹೌದು, ಚೇಳು. ದೊಡ್ಡ ಕಪ್ಪು ಚೇಳಿಗಿಂತ ಸಣ್ಣ ಕೆಂಪು ಚೇಳು ಕೆಟ್ಟದ್ದು. ಅದು ಕಡಿದ ಮಗುವಿಗೆ ವಾಂತಿ ಆಗುತ್ತೆ, ಮೈಯೆಲ್ಲ ಬೆವರುತ್ತೆ, ಕೈಕಾಲು ತಣ್ಣಗಾಗುತ್ತೆ. ಆಮೇಲೆ ಉಬ್ಬಸ ಬರುತ್ತೆ. ಮಂತ್ರ ಹಾಕಿಸುತ್ತಾ ಕೂತರೆ ಮಗು ಕೈಬಿಟ್ಟು ಹೋದೀತು. ಮಹಾರಾಷ್ಟ್ರದ ಮಹಾಡ್ ಊರಿನ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ ಇದಕ್ಕೆ ಪ್ರಾಜೋಸಿನ್ ಅನ್ನೋ ಮಾತ್ರೆ ಕೊಟ್ಟು ಎಷ್ಟೋ ಮಕ್ಕಳನ್ನು ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದ್ದರಿಂದ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ.

ಈಗ ಔಷಧಿಯ ಮಾತು. ಹಿಂದೆ ಮನೆಮೂಲೆಗೆಲ್ಲ ಗ್ಯಾಮಾಕ್ಸಿನ್ ಪುಡಿ ಎರಚುತ್ತಿದ್ದರು. ಅಂಥ ಒಂದು ಪುಡಿಯನ್ನು 1997ರಲ್ಲಿ ಸರ್ಕಾರ ನಿಷೇಧಿಸಿತು. ಈಗ ಸಿಗುವ ಔಷಧಿಗಳೂ ವಿಷವೇ. ಬೆಕ್ಕು ದಿನವೆಲ್ಲ ಮೈ ನೆಕ್ಕಿಕೊಳ್ಳುತ್ತೆ ಅಲ್ಲವೇ? ನೆಲದ ವಿಷ ಕಾಲಿಗೆ ಅಂಟುತ್ತೆ, ಕಾಲಿನಿಂದ ನಾಲಿಗೆಗೆ ಹೋಗುತ್ತೆ. ಪರ್ಮೆಥ್ರಿನ್ ಅನ್ನೋ ವಿಷವನ್ನಂತೂ ಬೆಕ್ಕಿನ ಮೈ ಅರಗಿಸಿಕೊಳ್ಳಲಾರದು. ಜೊಲ್ಲು ಸುರಿಸುತ್ತೆ, ನಡುಗುತ್ತೆ, ಫಿಟ್ಸ್ ಬಂದು ಸಾಯುತ್ತೆ. ಸತ್ತ ಹುಳ ಕೋಳಿ ಹೆಕ್ಕುತ್ತೆ. ಜಿರಲೆಗೆ ಗೀಚುವ ಸೀಮೆಸುಣ್ಣವನ್ನು ಕೂಸು ಬಾಯಿಗೆ ಇಡುತ್ತೆ. ಜೇಡ ಮಾಡದ ಕೆಲಸವನ್ನು ಔಷಧಿ ಮಾಡಿಬಿಡುತ್ತೆ.

ಮತ್ತೇನು ಮಾಡೋದು? ನಾಯಿಗೆ ಹಾಕಿದ ಅನ್ನ ರಾತ್ರಿಯೆಲ್ಲ ಹಾಗೇ ಬಿದ್ದಿರುತ್ತೆ. ಅನ್ನಕ್ಕೆ ಜಿರಲೆ ಬರುತ್ತೆ, ಜಿರಲೆಗೆ ಜೇಡ ಬರುತ್ತೆ, ಚೇಳು ಬರುತ್ತೆ. ಅನ್ನಕ್ಕೆ ಇಲಿ ಬಂದರೆ ಹಿಂದೆಯೇ ಹಾವು ಬರುತ್ತೆ. ಉಂಡ ತಟ್ಟೆ ತೊಳೆದಿಡಿ. ಸೌದೆ, ಬೆರಣಿ, ಇಟ್ಟಿಗೆ ರಾಶಿ ಗೋಡೆಗೆ ಒತ್ತಿ ಇಡಬೇಡಿ. ಸೌದೆ ತೆಗೆಯುವಾಗ ಮೊದಲು ಕೋಲಿನಿಂದ ಬಡಿಯಿರಿ. ಕೋಳಿ ಮಂಕರಿ ಎತ್ತುವಾಗಲೂ ಅಷ್ಟೆ. ಚಪ್ಪಲಿ, ಕಂಬಳಿ, ಕೂಸಿನ ಬಟ್ಟೆ ಕೊಡವಿ ನೋಡಿ. ಗೋಡೆಯ ಬಿರುಕಿಗೆ ಸಿಮೆಂಟು ಇಲ್ಲವೇ ಮಣ್ಣು ಮೆತ್ತಿ. ಒಳಗೆ ಬಂದ ಜೇಡದ ಮೇಲೆ ಡಬ್ಬಿ ಕವುಚಿ, ಅಡಿಗೆ ರಟ್ಟು ತೂರಿಸಿ ಹೊರಗೆ ಬಿಡಿ. ಬರಿಗೈಯಲ್ಲಿ ಮಾತ್ರ ಹಿಡಿಯಬೇಡಿ.

ಜೇಡ ಕಚ್ಚಿತು ಅನ್ನಿ. ಸೋಪಿನಿಂದ ತೊಳೆದು ತಣ್ಣೀರ ಬಟ್ಟೆ ಇಡಿ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಬಾಯಲ್ಲಿ ಹೀರಬೇಡಿ. ಬಾವು ಏರಿದರೆ, ಉಸಿರು ಕಟ್ಟಿದರೆ, ಹೊಟ್ಟೆ ಸೆಟೆದರೆ ಆಸ್ಪತ್ರೆಗೆ ಹೋಗಿ.

ನಾಯಿಯ ಮೂತಿ ಊದಿದರೆ ನೀರಿನಿಂದ ತೊಳೆದು ಪಶು ಆಸ್ಪತ್ರೆಗೆ ಒಯ್ಯಿರಿ. ನಮ್ಮ ಮಾತ್ರೆ ಕೊಡಬೇಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಒಂದು ಬೆಕ್ಕನ್ನು ಕೊಲ್ಲಬಲ್ಲದು. ದನಕರುವಿಗೆ ಏನಾದರೂ ಆದರೆ 1962ಕ್ಕೆ ಫೋನ್ ಮಾಡಿ.

ಈಗ ನಿಮಗೆ ಓದು ಬರುತ್ತೆ. ಮನೆಗೆ ಹೋಗಿ ಹೊಲದ ಔಷಧಿ ಡಬ್ಬಿ ನೋಡಿ. ಅದರ ಮೇಲೆ ಓರೆಯಾಗಿ ನಿಂತ ಚೌಕ ಇರುತ್ತೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪು ಅಂದರೆ ಎಲ್ಲಕ್ಕಿಂತ ಹೆಚ್ಚಿನ ವಿಷ. ಆಮೇಲೆ ಹಳದಿ, ನೀಲಿ. ಹಸಿರು ಎಲ್ಲಕ್ಕಿಂತ ಕಡಿಮೆ, ಆದರೂ ವಿಷವೇ. ಯಾವ ಬಣ್ಣವಿದೆ ಅಂತ ನಾಳೆ ಪಾಠಕ್ಕೆ ಬರೆದುಕೊಂಡು ಬನ್ನಿ. ಡಬ್ಬಿ ತರಬೇಡಿ, ಮತ್ತೆ! ಅದನ್ನು ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಟ್ಟು ಬೀಗ ಹಾಕಿ ಬನ್ನಿ.