ಹರಿಗೋಲು ನೆಟ್ಟಗೆ ಹೋಗುತ್ತದೆ



ಸುಮಾರು 1520ರ ಹೊತ್ತಿಗೆ ವಿಜಯನಗರ ನೋಡಲು ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಜನ ತುಂಗಭದ್ರೆ ದಾಟಿ ಆನೆಗೊಂದಿಗೆ ಹೋಗುವ ಬಗೆಯನ್ನು ಬರೆದಿಟ್ಟಿದ್ದಾನೆ. ಬುಟ್ಟಿಯಂಥ ದುಂಡು ದೋಣಿ, ಅಂದರೆ ನಮ್ಮ ಹರಿಗೋಲು; ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಮಂದಿ ಕೂರಬಹುದು, ಬೇಕಾದರೆ ಕುದುರೆ, ಎತ್ತುಗಳನ್ನೂ ಹತ್ತಿಸಬಹುದು ಎನ್ನುತ್ತಾನೆ. ಅಲ್ಲಿಯವರೆಗೂ ಸರಿ. ಆದರೆ ಇವು ನೆಟ್ಟಗೆ ಹೋಗಲಾರವು, ಸದಾ ತಿರುಗುತ್ತಲೇ ಇರುತ್ತವೆ ಎಂದನಲ್ಲ, ಅದಕ್ಕೆ ಮಾತ್ರ ನನ್ನ ತಕರಾರಿದೆ.

ಆನೆಗೊಂದಿಯಿರುವ ಗಂಗಾವತಿ ತಾಲ್ಲೂಕಿನ ಈ ದಂಡೆಯಲ್ಲಿ ಹೊಳೆಯೆಂದರೆ ಅರ್ಧ ನೀರು, ಅರ್ಧ ಬಂಡೆ. ಚೂಪು ಮೂತಿಯ, ಆಳ ತಳದ ದೋಣಿ ಇಲ್ಲಿ ಎರಡು ದಿನ ಬಾಳದು. ಹರಿಗೋಲಿನ ತಳ ಚಪ್ಪಟೆ. ಮೊಣಕಾಲುದ್ದ ನೀರಿದ್ದರೂ ತೇಲುತ್ತದೆ, ಕಲ್ಲಿಗೆ ತಾಗಿದರೆ ಬಿದಿರು ಬಳುಕಿ ಜಾರಿಕೊಳ್ಳುತ್ತದೆ. ಬಿದಿರಿನ ಸೀಳುಗಳನ್ನು ನೆಲದ ಮೇಲೆ ಹಾಸಿ ಹೆಣೆಯುತ್ತಾರೆ. ಆಮೇಲೆ ಸುತ್ತಲೂ ಮೇಲಕ್ಕೆ ಬಗ್ಗಿಸಿ ಅಂಚು ಬಿಗಿಯುತ್ತಾರೆ. ತೊಗಲಿನ ಕಾಲ ಹೋಯಿತು; ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ನೋಡಲು ಅಂದವೇನಿಲ್ಲ, ನೀರಂತೂ ಒಳಬರುವುದಿಲ್ಲ.

ಇನ್ನು ಅಂಬಿಗನ ಕೈ ನೋಡಿ. ಉದ್ದ ದೋಣಿಯವನು ಹಿಂದೆ ಕೂತು ನೀರನ್ನು ಹಿಂದಕ್ಕೆ ತಳ್ಳಿದರೆ, ಇವನು ಹೋಗಬೇಕಾದ ದಿಕ್ಕಿಗೇ ಮುಖಮಾಡಿ, ಮುಂದಿನ ನೀರಿಗೆ ಹುಟ್ಟು ಇಳಿಸಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಹುಟ್ಟು ಒಮ್ಮೆ ಎಡಕ್ಕೆ ಓರೆ, ಒಮ್ಮೆ ಬಲಕ್ಕೆ ಓರೆ. ಎಡದ ಎಳೆತ ಹುಟ್ಟಿಸಿದ ಸುತ್ತನ್ನು ಬಲದ ಎಳೆತ ಅಲ್ಲಲ್ಲೇ ಕೊಲ್ಲಬೇಕು. ಒಂದು ಎಳೆತ ತಡವಾಯಿತೋ, ಪಾಯಸ್ ಕಂಡದ್ದೇ ಗತಿ. ಹೊಳೆ ತುಂಬಿದಾಗ ಇಷ್ಟೂ ಸಾಲದು. ಇಳಿಯಬೇಕಾದ ಕಟ್ಟೆಗಿಂತ ಬಹಳ ಮೇಲಿನಿಂದಲೇ ಹೊರಟು, ಸೆಳವಿನ ಲೆಕ್ಕ ಹಿಡಿದು, ಓರೆಯಾಗಿ ದಾಟಬೇಕು.

ಇದೇ ಹೊಳೆಗೆ ಅಡ್ಡಲಾಗಿ, ಆನೆಗೊಂದಿಯಿಂದ ಆಚೆ ದಂಡೆಯ ತಳವಾರಘಟ್ಟಕ್ಕೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಸಿಮೆಂಟು ಕೈಕೊಟ್ಟ ಕಡೆ ಬಿದಿರು ದುಡಿಯಿತು ಎನ್ನಲು ನಾಲಿಗೆ ತುರಿಸುತ್ತದೆ. ಆದರೆ ಆ ಕುಸಿತದಲ್ಲಿ ಕೂಲಿಗಳ ಜೀವ ಹೋಗಿದೆ, ಹಾಗಾಗಿ ಆ ಮಾತು ಬೇಡ.

ಈಗ ಹರಿಗೋಲಿಗೆ ಹೆಚ್ಚು ಗಿರಾಕಿ ಸಾಣಾಪುರದ ಕೆರೆಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗುಡ್ಡಗಳ ನಡುವೆ ನಿಂತ ಜಾಗ ಅದು. ಸುತ್ತ ಕೆಂಪು ಬಂಡೆ, ಅದರಾಚೆ ಭತ್ತದ ಗದ್ದೆ. ಪ್ರವಾಸಿಗರನ್ನು ಕೂರಿಸಿಕೊಂಡು ಗಿರಗಿರನೆ ತಿರುಗಿಸುತ್ತಾರೆ, ಮಕ್ಕಳು ಕೇಕೆ ಹಾಕುತ್ತಾರೆ. ತಿರುಗಿಸುವುದು ಸುಲಭದ ಕೆಲಸ. ನೀವು ಹೋದಾಗ, “ಅಣ್ಣಾ, ತಿರುಗಿಸೋದು ಬ್ಯಾಡ, ಆ ಬಂಡಿಗಲ್ಲಿನ ತನಕ ನೆಟ್ಟಗ ಹೊಡಿ” ಎಂದು ಕೇಳಿ. ಕೆರೆಯ ಚೆಲುವು ಎಲ್ಲಿಗೂ ಹೋಗುವುದಿಲ್ಲ, ಅಷ್ಟು ಹೊತ್ತು ಅಂಬಿಗನ ಮಣಿಕಟ್ಟನ್ನೇ ನೋಡುತ್ತಿರಿ.