ನಾದ ಮತ್ತು ಕಣ್ಣೀರು



ಭಜನೆ ನಡೆದಾಗ ಏಕತಾರಿಯ ನಾದಕ್ಕೆ ಒಬ್ಬಿಬ್ಬರ ಕಣ್ಣು ತುಂಬಿಬರುತ್ತದೆ. ಪಕ್ಕದವರು ನೋಡಿಯಾರೆಂದು ನಾಚಿ ಸೆರಗಿನಲ್ಲಿ ಮುಖ ಮರೆಸುತ್ತಾರೆ. ಹಾಡು ಕೇಳಿ ಅಳು ಬರುವುದು ದುರ್ಬಲರ ಲಕ್ಷಣವೋ, ಭಕ್ತಿಯ ಲಕ್ಷಣವೋ? ಇಂದು ಇದನ್ನೇ ವಿಚಾರಿಸೋಣ.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳನ್ನು ಹೇಳಿದ್ದಾನೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಲಯ. ಮನಸ್ಸು ಏಕಾಗ್ರವಾದಾಗ ಮೈಯಲ್ಲಿ ತೋರುವ ಕುರುಹುಗಳಿವು. ಕಣ್ಣೀರೂ ಅವುಗಳಲ್ಲೊಂದು, ಆದ್ದರಿಂದ ನಾಚಬೇಕಾದುದಿಲ್ಲ. ಆದರೆ ಕಣ್ಣೀರು ಆನಂದದಿಂದ ಬರುತ್ತದೆ, ಶೋಕದಿಂದ ಬರುತ್ತದೆ, ಹೊಗೆಯಿಂದಲೂ ಆಕಳಿಕೆಯಿಂದಲೂ ಬರುತ್ತದೆ ಎಂದು ಆ ಮುನಿಯೇ ಹೇಳುತ್ತಾನೆ! ಆದುದರಿಂದ ಬಂದ ನೀರಿನ ಮೂಲವನ್ನು ನೋಡಬೇಕು.

ಈ ಆಲಮಟ್ಟಿಯ ಸುತ್ತಿನ ಜನಕ್ಕೆ ಶೋಕಾಶ್ರು ಹೊಸದಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಣೆಕಟ್ಟಿನಿಂದ ಒಣನೆಲಕ್ಕೆ ಕೃಷ್ಣೆ ಬಂದಳು. ಅದೇ ನೀರಿನಲ್ಲಿ ಎಷ್ಟೋ ಊರು, ಹೊಲ, ಗುಡಿಗಳು ಮುಳುಗಿದವು. ಹಳೆಯ ಊರಲ್ಲಿ ಕೇಳಿದ ಪದ ಹೊಸ ಊರಿನ ಕಟ್ಟೆಯ ಮೇಲೆ ಕೇಳಿಬಂದರೆ ಮುದುಕಿಯ ಕಣ್ಣು ತುಂಬುತ್ತದೆ. ಅದನ್ನು ಕೀಳೆಂದು ತಿಳಿಯಬೇಡಿ. ಮುಳುಗಿದ ಊರನ್ನು ಆ ಪದವು ಒಂದು ಗಳಿಗೆ ಮೇಲೆತ್ತಿ ತೋರಿಸಿತು.

ಆದರೆ ನಮ್ಮ ಷಟ್‌ಸ್ಥಲ ಸಿದ್ಧಾಂತ ಇನ್ನೂ ಮೇಲಕ್ಕೆ ಕರೆಯುತ್ತದೆ. ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗ. ಕಿವಿಗೆ ಪ್ರಸಾದಲಿಂಗ, ಅಲ್ಲಿ ಅರ್ಪಿತವಾಗುವ ಪದಾರ್ಥ ಶಬ್ದ. ಇದು ಶರಣಸ್ಥಲ, ಇದರ ಭಕ್ತಿ ಆನಂದಭಕ್ತಿ. ನೋಡಿರಿ, ಕಿವಿಯೂ ಆನಂದವೂ ಒಂದೇ ಸ್ಥಲದಲ್ಲಿ ಕೂಡಿವೆ! ಕೇಳಿದ ನಾದವನ್ನು ತನ್ನ ಸುಖಕ್ಕೆಂದು ಉಂಡರೆ ಅದು ಭೋಗ; ಲಿಂಗಕ್ಕೆ ಅರ್ಪಿಸಿ ಕೊಂಡರೆ ಪ್ರಸಾದ. ಆ ಪ್ರಸಾದದಿಂದ ಉಕ್ಕಿದ ನೀರೇ ಆನಂದಬಾಷ್ಪ.

ಅರ್ಪಿತವಾಯಿತೆಂದು ತಿಳಿಯುವುದು ಹೇಗೆ? ಹಾಡು ಮುಗಿದ ಮೇಲೆ ಮಾಡಿದ ಕೆಲಸದಿಂದ. ಶಿವಯೋಗಮಂದಿರವನ್ನು ಕಟ್ಟಿದ ಹಾನಗಲ್ಲ ಕುಮಾರ ಶಿವಯೋಗಿಗಳು ಕಣ್ಣಿಲ್ಲದ ಇಬ್ಬರು ಅಣ್ಣತಮ್ಮಂದಿರ ಹಾಡು ಕೇಳಿದರು. ಕೇಳಿ, ತಲೆದೂಗಿ, ಮುಂದೆ ನಡೆದುಬಿಡಲಿಲ್ಲ. ಆ ಮಕ್ಕಳಿಗೆ ಆಶ್ರಯವಿತ್ತು ಸಂಗೀತ ಕಲಿಸಿದರು. ಅವರಲ್ಲೊಬ್ಬರೇ ಪಂಚಾಕ್ಷರಿ ಗವಾಯಿಗಳು (1892–1944). ಅವರು ಅಂಧ ಅನಾಥ ಮಕ್ಕಳನ್ನು ಕೂಡಿಸಿಕೊಂಡು ವಿದ್ಯೆ ಕೊಟ್ಟರು. ಅವರ ಶಿಷ್ಯರು ಪುಟ್ಟರಾಜ ಗವಾಯಿಗಳು. ಅವರೂ ಕಣ್ಣಿಲ್ಲದವರೇ, 2010ರಲ್ಲಿ ಲಿಂಗೈಕ್ಯರಾಗುವವರೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ದಾಸೋಹವನ್ನು ನಡೆಸಿದರು. ಒಂದು ಹಾಡನ್ನು ಸರಿಯಾಗಿ ಕೇಳಿದ್ದರಿಂದ ಎಷ್ಟು ಮನೆಗಳಲ್ಲಿ ದೀಪ ಹತ್ತಿತು!

ಆದ್ದರಿಂದ, ತಾಯಂದಿರೇ, ಭಜನೆಯಲ್ಲಿ ಕಣ್ಣು ತುಂಬಿದರೆ ಮರೆಸಬೇಡಿರಿ. ಮನೆಗೆ ಹೋದ ಮೇಲೆ ಮಾತುಬಿಟ್ಟ ಸೊಸೆಯನ್ನು ಮಾತಾಡಿಸಿರಿ; ನೆರೆಯಲ್ಲಿ ಹಸಿದವರಿದ್ದರೆ ರೊಟ್ಟಿ ಕೊಡಿರಿ. ಆಗ ಆ ಕಣ್ಣೀರು ಲಿಂಗಕ್ಕೆ ಮುಟ್ಟಿತೆಂದು ತಿಳಿಯಿರಿ.